ಸ್ವಂತ ಸೃಷ್ಟಿಕಥೆ ಕಟ್ಟುತ್ತಿದ್ದೇನೆ, ಜೀವವೇ ಬರುತ್ತಿಲ್ಲ. ಎಲ್ಲಿ ಎಡವಿದ್ದೇನೆ?

ಅರೆಬರೆ

ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ನೆಲ, ಜನ, ಅವರ ಜಗಳ, ಎಲ್ಲಾ ನಾನೇ ಕಟ್ಟಿದ್ದು. ಆ ಜನಕ್ಕೆ ಒಂದು ಸೃಷ್ಟಿಕಥೆ ಬೇಕು. ಲೋಕ ಹೇಗೆ ಹುಟ್ಟಿತು ಅಂತ ಅಜ್ಜಿಯೊಬ್ಬಳು ಮೊಮ್ಮಗನಿಗೆ ಹೇಳುವ ಒಂದೇ ಒಂದು ಅಧ್ಯಾಯ. ಉಳಿದದ್ದೆಲ್ಲ ಸಲೀಸಾಗಿ ಬಂತು, ಇದೊಂದರಲ್ಲಿ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಈವರೆಗೆ ಬರೆದದ್ದು ಇಷ್ಟು. ನಗಬೇಡಿ.

“ಆದಿಯಲ್ಲಿ ಏನೂ ಇರಲಿಲ್ಲ. ಎಲ್ಲೆಲ್ಲೂ ಶೂನ್ಯ. ಆ ಶೂನ್ಯದಲ್ಲಿ ಅನಾದಿ ಎಂಬ ಮಹಾಶಕ್ತಿ ಕಣ್ಣು ತೆರೆಯಿತು. ಅದರ ಬಲಗಣ್ಣಿನಿಂದ ಬೆಳಕು, ಎಡಗಣ್ಣಿನಿಂದ ಕತ್ತಲೆ ಹೊಮ್ಮಿತು. ಸಾವಿರ ಯುಗ ಅವೆರಡರ ನಡುವೆ ಘೋರ ಯುದ್ಧ ನಡೆಯಿತು. ಯುದ್ಧದ ಬೂದಿಯಿಂದ ಭೂಮಿ, ಬೆವರಿನಿಂದ ಸಮುದ್ರ, ಕೊನೆಗೆ ಅನಾದಿಯ ಕಣ್ಣೀರಿನಿಂದ ಮನುಷ್ಯ ಹುಟ್ಟಿದ.”

ತಪ್ಪೇನೂ ಕಾಣುವುದಿಲ್ಲ, ಆದರೆ ಅಜ್ಜಿ ಹೇಳಿದ ಹಾಗಿಲ್ಲ. ಶಾಸನ ಓದಿದ ಹಾಗಿದೆ.

ಹಳೇಕಡತ

ಮೊದಲು ಕೆಟ್ಟ ಸುದ್ದಿ. ಇದರಲ್ಲಿ ನಿಮ್ಮದು ಅನ್ನುವಂಥದ್ದು ಏನೂ ಇಲ್ಲ. ಕಣ್ಣೀರಿನಿಂದ ಮನುಷ್ಯರು ಹುಟ್ಟಿದ್ದು ಪ್ರಾಚೀನ ಈಜಿಪ್ಟಿನ ಕಥೆ. ಕಣ್ಣಿನ ಬೆಳಕು ಚೀನಾದ ಪಾನ್‌ಗು ಅನ್ನುವ ದೈತ್ಯನ ಕಥೆಯಲ್ಲಿದೆ. ಅವನು ಸತ್ತ ಮೇಲೆ ಒಂದು ಕಣ್ಣು ಸೂರ್ಯ, ಇನ್ನೊಂದು ಚಂದ್ರ. ಮೈಯ ಭಾಗಗಳಿಂದ ಲೋಕ ಮಾಡುವುದಂತೂ ಎಷ್ಟೋ ಕಡೆ ಇದೆ. ಉತ್ತರ ಯುರೋಪಿನ ನಾರ್ಸ್ ಕಥೆಯಲ್ಲಿ ಯಮೀರ್ ಅನ್ನುವ ದೈತ್ಯನ ರಕ್ತ ಸಮುದ್ರ, ಮೂಳೆ ಬೆಟ್ಟ, ತಲೆಬುರುಡೆ ಆಕಾಶ, ಮೆದುಳು ಮೋಡ. (ಮೆದುಳು ಮೋಡ ಆಗುವುದು ನನಗೆ ಯಾವತ್ತೂ ಇಷ್ಟ.) ಋಗ್ವೇದದ 10ನೇ ಮಂಡಲದ ಪುರುಷಸೂಕ್ತದಲ್ಲೂ ಇದೇ ಲೆಕ್ಕ.

ಹಳೆಯದನ್ನು ಮುಟ್ಟಬಾರದು ಅಂತಲ್ಲ. ಎಷ್ಟೇ ತಿಣುಕಿದರೂ ಸೃಷ್ಟಿಕಥೆಗಳು ಹೆಚ್ಚುಕಮ್ಮಿ ಇಂಥ ಕೆಲವೇ ಗೂಡುಗಳಲ್ಲಿ ಬಂದು ಕೂರುತ್ತವೆ. ಬರೀ ಮಾತಿನಿಂದಲೋ ಮನಸ್ಸಿನಿಂದಲೋ ಹುಟ್ಟಿಸುವುದು, ಮೊಟ್ಟೆ ಒಡೆಯುವುದು, ತಬ್ಬಿಕೊಂಡಿದ್ದ ಆಕಾಶ ಭೂಮಿಯನ್ನು ಮಕ್ಕಳೇ ಬೇರೆ ಮಾಡುವುದು, ನೀರಿನ ತಳದಿಂದ ಯಾವುದೋ ಪ್ರಾಣಿ ಮಣ್ಣು ತರುವುದು, ಕೆಳಗಿನ ಲೋಕದಿಂದ ಮೇಲಕ್ಕೆ ಹತ್ತಿ ಬರುವುದು. ಗೂಡು ಹಳೆಯದಾದರೆ ಚಿಂತೆಯಿಲ್ಲ, ಒಳಗೆ ಕೂತಿರುವುದು ನಿಮ್ಮದಾಗಿರಬೇಕು.

ಈಜಿಪ್ಟಿನವರ ಕಣ್ಣೀರಿಗೆ ಒಂದು ಕಾರಣ ಇತ್ತು. ಅವರ ಭಾಷೆಯಲ್ಲಿ ‘ಜನ’ ಅನ್ನುವ ಪದಕ್ಕೂ ‘ಕಣ್ಣೀರು’ ಅನ್ನುವ ಪದಕ್ಕೂ ಉಚ್ಚಾರ ಹತ್ತಿರ ಹತ್ತಿರ. ಕೇಳಿದವನಿಗೆ, ಹೌದಲ್ಲ, ಮಾತಿನಲ್ಲೇ ಇದೆ ಅನ್ನಿಸಬೇಕು. ನಿಮ್ಮ ಕಣ್ಣೀರು ಸುಮ್ನೆ ಬಂದು ಸುಮ್ನೆ ಹೋಗಿದೆ.

ತಲೆಹರಟೆ

ಶೂನ್ಯ, ಅನಾದಿ, ಮಹಾಶಕ್ತಿ, ಯುಗ, ಘೋರ. ಇವುಗಳಲ್ಲಿ ಒಂದನ್ನಾದರೂ ಕೈಯಲ್ಲಿ ಹಿಡಿಯಲು ಆಗುತ್ತಾ? ಅಜ್ಜಿ ಹೇಳುವಾಗ ಪಾಪ ಆ ಹುಡುಗ ಏನನ್ನು ನೋಡಬೇಕು?

ಮಧ್ಯ ಆಫ್ರಿಕಾದ ಕೂಬಾ ಜನರ ಕಥೆಯಲ್ಲಿ ಬುಂಬಾ ಅನ್ನುವ ದೇವರಿಗೆ ಹೊಟ್ಟೆನೋವು. ವಾಂತಿ ಮಾಡುತ್ತಾನೆ. ಸೂರ್ಯ ಬಂತು. ಮತ್ತೆ ವಾಂತಿ. ಚಂದ್ರ, ನಕ್ಷತ್ರ. ಒಮ್ಮೆ ಕೇಳಿದರೆ ಸಾಯುವ ತನಕ ಮರೆಯುವುದಿಲ್ಲ. ಬ್ಯಾಬಿಲೋನಿನ ಕಥೆಯಲ್ಲಿ ಹಿರಿಯ ದೇವರು ಅಪ್ಸು ತನ್ನ ವಂಶದ ಮಕ್ಕಳನ್ನೇ ಕೊಲ್ಲಲು ಹೊರಡುತ್ತಾನೆ, ಯಾಕೆ ಗೊತ್ತಾ? ಗಲಾಟೆ! ಹಗಲು ಆರಾಮ ಇಲ್ಲ, ರಾತ್ರಿ ನಿದ್ದೆ ಇಲ್ಲ. ದೇವರ ಮೊದಲ ಜಗಳ ಶುರುವಾಗಿದ್ದು ನಿದ್ದೆಗೆಟ್ಟ ಮುದುಕನಿಂದ. ನಿಮ್ಮ ಬೆಳಕು ಕತ್ತಲೆ ಯಾಕೆ ಹೊಡೆದಾಡಿದವು? ಸಾವಿರ ಯುಗ ಹೊಡೆದಾಡಲು ಒಂದು ಕಾರಣ ಬೇಡ್ವಾ?

ಮತ್ತೆ, ಹಳೇಕಡತ ಅವರು ಯಮೀರ್ ಬಗ್ಗೆ ಹೇಳಿದರು, ಹಸು ಬಗ್ಗೆ ಹೇಳಲೇ ಇಲ್ಲ. ಅದೇ ಕಥೆಯಲ್ಲಿ ಒಂದು ಹಸು ಉಪ್ಪುಪ್ಪಾದ ಮಂಜುಗಡ್ಡೆ ನೆಕ್ಕುತ್ತದೆ. ಮೊದಲ ದಿನ ಸಂಜೆ ಗಡ್ಡೆಯೊಳಗಿಂದ ಒಬ್ಬನ ಕೂದಲು ಕಂಡಿತು. ಎರಡನೇ ದಿನ ತಲೆ. ಮೂರನೇ ದಿನ ಇಡೀ ಆಳು. ಮುಂದೆ ದೇವರುಗಳಿಗೆಲ್ಲ ಅವನೇ ಅಜ್ಜ. ನೆಕ್ಕಿ ನೆಕ್ಕಿ ದೇವರನ್ನು ಹೊರಗೆ ತೆಗೆದ ಹಸುವಿನ ಮುಂದೆ ನಿಮ್ಮ ಮಹಾಶಕ್ತಿ ಏನೂ ಅಲ್ಲ.

ಅರೆಬರೆ

ಹಸು ಓದಿದ ಮೇಲೆ ಅನಾದಿಯನ್ನು ಅಳಿಸಿಬಿಟ್ಟೆ. ಈಗ ಖಾಲಿ ಹಾಳೆ. ಮುಂದೇನು?

ರಾತ್ರಿಪಾಳಿ

ನನ್ನ ಪ್ರಶ್ನೆ ಬೇರೆ. ಆ ಹುಡುಗ ಅಜ್ಜಿಯನ್ನು ಏನು ಕೇಳಿದ?

ಲೋಕ ಹೇಗೆ ಹುಟ್ಟಿತು ಅಂತ ಕೇಳಿರಲಾರ. ರಾತ್ರಿ ಯಾಕೆ ಆಗುತ್ತದೆ, ತಾತ ಎಲ್ಲಿಗೆ ಹೋದ, ನಾಯಿ ಯಾಕೆ ಮಾತಾಡುವುದಿಲ್ಲ, ಮಕ್ಕಳು ಕೇಳುವುದು ಇಂಥದ್ದು. ಅದಕ್ಕೆ ಉತ್ತರ ಹೇಳುತ್ತಾ ಹೇಳುತ್ತಾ ಅಜ್ಜಿ ಹಿಂದಕ್ಕೆ ಹೋಗಿ ಲೋಕದ ಬುಡ ಮುಟ್ಟುತ್ತಾಳೆ. ನೀವು ಬುಡದಿಂದ ಶುರು ಮಾಡಿದಿರಿ, ಅದಕ್ಕೇ ಯಾರಿಗೂ ಬೇಡವಾದ ಉತ್ತರ ಆಯಿತು.

ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಪೋಸೋ ಕಡೆ ಒಂದು ಕಥೆ ಇದೆ. ಆಗ ಆಕಾಶ ತೀರಾ ಹತ್ತಿರ. ದೇವರು ಹಗ್ಗಕ್ಕೆ ಕಟ್ಟಿ ಬೇಕಾದ್ದನ್ನು ಕೆಳಗೆ ಇಳಿಬಿಡುತ್ತಿದ್ದ. ಒಂದು ಸಲ ಕಲ್ಲು ಇಳಿಬಿಟ್ಟ. ಮೊದಲ ಗಂಡ ಹೆಂಡತಿ, ಇದನ್ನು ಇಟ್ಟುಕೊಂಡು ಏನು ಮಾಡೋಣ, ಬೇರೆ ಏನಾದರೂ ಕೊಡು ಅಂದರು. ಕಲ್ಲು ಮೇಲಕ್ಕೆ ಹೋಯಿತು, ಬಾಳೆಹಣ್ಣು ಬಂತು. ಓಡಿಹೋಗಿ ತಗೊಂಡರು. ಆಗ ಮೇಲಿಂದ ಮಾತು ಬಂತು. ಬಾಳೆ ಆರಿಸಿಕೊಂಡಿರಿ, ಇನ್ನು ಬಾಳೆಯ ಹಾಗೇ ಬದುಕಿ, ಮರಿ ಎದ್ದ ಮೇಲೆ ತಾಯಿಗಿಡ ಸಾಯಲಿ. ಕಲ್ಲನ್ನು ಇಟ್ಟುಕೊಂಡಿದ್ದರೆ ಕಲ್ಲಿನ ಹಾಗೆ ಇರುತ್ತಿದ್ದಿರಿ.

ಇದರಲ್ಲಿ ಯಾರನ್ನು ಬೈಯುವುದು? ಹಸಿದವರು ಹಣ್ಣು ಕೇಳಿದರು. ನಾನಾಗಿದ್ದರೂ ಬಾಳೆಹಣ್ಣೇ ತಗೋತಿದ್ದೆ. ಅದಕ್ಕೇ ಕಥೆ ಚುಚ್ಚುತ್ತದೆ.

ಹಾಗಾಗಿ ಹೇಳಿ, ನಿಮ್ಮ ಜನರಿಗೆ ದಿನಾ ಬೆಳಗಾದರೆ ಇರುವ ದೂರು ಏನು?

ಅರೆಬರೆ

ಎತ್ತರದ ಬೋಳು ಬಯಲು. ಮರ ಕಮ್ಮಿ, ಗಾಳಿ ಜಾಸ್ತಿ. ವರ್ಷವಿಡೀ ಬೀಸುತ್ತಲೇ ಇರುತ್ತದೆ. ಒಬ್ಬರಿಗೊಬ್ಬರು ಸಾಲ ಕೊಟ್ಟು ತಗೊಂಡು ಬದುಕುವ ಜನ. ಕಾದಂಬರಿಯ ಮುಖ್ಯ ಜಗಳವೇ ಒಂದು ಹಳೇ ಸಾಲ. ಅಜ್ಜ ಮಾಡಿದ್ದು ಮೊಮ್ಮಗನ ತಲೆಗೆ ಬಂದಿದೆ. ‘ನಾನು ತಿನ್ನದ್ದಕ್ಕೆ ನಾನ್ಯಾಕೆ ಕೊಡಬೇಕು?’ ಇದೇ ಅವರ ದೂರು.

ತಲೆಹರಟೆ

ಇಷ್ಟೊಳ್ಳೆಯದನ್ನು ಕಂಕುಳಲ್ಲಿ ಇಟ್ಟುಕೊಂಡು ಅನಾದಿ ಕಣ್ಣು ತೆರೆಯಿತು ಅಂತ ಬರೆಯುತ್ತಿದ್ದಿರಾ! ಲೋಕವನ್ನೇ ಯಾರೋ ಕೈಗಡ ತಂದದ್ದು ಅಂತ ಮಾಡಿ, ಮುಗೀತು. (ತಮಾಷೆಗೆ ಹೇಳಿದೆ.)

ಮಣ್ಣಹುಳ

ತಮಾಷೆ ಅಲ್ಲ ಇದು. ಬಿಡಬೇಡಿ, ಇದನ್ನೇ ಹಿಡಿಯಿರಿ.

ಕೈಗಡ ಅಂದ ಕೂಡಲೇ ಕಥೆಗೆ ಬೇಕಾದ್ದೆಲ್ಲ ತಾನಾಗಿ ಬರುತ್ತದೆ ನೋಡಿ. ಕೊಟ್ಟವರು ಯಾರು, ತಂದವರು ಯಾರು, ಏನು ತಂದರು, ಯಾವಾಗ ಕೊಡುತ್ತೇನೆ ಅಂದರು. ಪತ್ರ ಇಲ್ಲ, ಬಡ್ಡಿ ಇಲ್ಲ, ಬರೀ ಬಾಯಿಮಾತು. ಕೊಡುವವರ ಹತ್ತಿರ ಎಲ್ಲಾ ಇರಬೇಕು. ಯಾರ ಹತ್ತಿರ ಎಲ್ಲಾ ಇತ್ತು? ಕತ್ತಲ ಹತ್ತಿರ. ಕತ್ತಲು ಖಾಲಿ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಕತ್ತಲ ಕೋಣೆಯಲ್ಲಿ ಏನೇನಿದೆ ಅಂತ ಯಾರು ಎಣಿಸಿದ್ದಾರೆ? ತಗೊಳ್ಳುವವನು ಕೈಯಲ್ಲಿ ಏನೂ ಇಲ್ಲದವನು, ಒಂದು ಕಡೆ ನಿಲ್ಲದವನು. ನಿಮ್ಮ ಬಯಲಲ್ಲೇ ಇದ್ದಾನೆ. ಗಾಳಿ.

ಗಾಳಿ ಯಾಕೆ ಎಲ್ಲೂ ನಿಲ್ಲುವುದಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಸಾಲ ಕೊಟ್ಟವರಿಗೆ ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದಾನೆ.

ಅರೆಬರೆ

ಮೈ ಜುಮ್ ಅಂತು. ವಾಯಿದೆ? ಯಾವಾಗ ತಿರುಗಿ ಕೊಡುತ್ತೇನೆ ಅಂತ ಗಾಳಿ ಹೇಳುತ್ತಾನೆ?

ಮಣ್ಣಹುಳ

‘ಬೆಳಗಾಗುವುದರೊಳಗೆ ತಂದುಕೊಡುತ್ತೇನೆ.’

ಆಗ ಬೆಳಗು ಅನ್ನುವುದೇ ಇರಲಿಲ್ಲ. ಬರೀ ಕತ್ತಲು.

ತಲೆಹರಟೆ

ಅಯ್ಯೋ ಕಳ್ಳ!

ಹಳೇಕಡತ

ಚೆನ್ನಾಗಿದೆ, ಒಪ್ಪಿದೆ. ಆದರೆ ಬೆಳಗೇ ಇಲ್ಲದಾಗ ಗಾಳಿಗೆ ಆ ಪದ ಎಲ್ಲಿಂದ ಬಂತು? ಇದು ತರಲೆ ಪ್ರಶ್ನೆ ಅಲ್ಲ. ಸೃಷ್ಟಿಕಥೆ ಬರೆಯುವವರು ಜಾಸ್ತಿ ಜಾರುವುದು ಇಲ್ಲೇ. ಸೂರ್ಯ ಹುಟ್ಟುವ ಮೊದಲೇ ‘ಒಂದು ದಿನ’ ಅಂತ ಬರೆಯುತ್ತಾರೆ. ನೆಲ ಇಲ್ಲದಾಗ ‘ನಿಂತುಕೊಂಡ’ ಅನ್ನುತ್ತಾರೆ. ಅರೆಬರೆ ಅವರ ಮೊದಲ ಪ್ರತಿಯಲ್ಲೂ ಭೂಮಿಗಿಂತ ಮುಂಚೆ ಸಾವಿರ ಯುಗ ಕಳೆದುಹೋಗಿತ್ತು.

ಹಳಬರು ಇದನ್ನು ಎಷ್ಟು ಜೋಪಾನವಾಗಿ ದಾಟುತ್ತಿದ್ದರು ನೋಡಿ. ಬ್ಯಾಬಿಲೋನಿನ ಕಥೆ ಶುರುವಾಗುವುದೇ ಮೇಲೆ ಆಕಾಶಕ್ಕೆ ಇನ್ನೂ ಹೆಸರಿರಲಿಲ್ಲ, ಕೆಳಗೆ ನೆಲಕ್ಕೂ ಹೆಸರಿರಲಿಲ್ಲ ಅಂತ. ಋಗ್ವೇದದ ನಾಸದೀಯ ಸೂಕ್ತ (10ನೇ ಮಂಡಲ, 129ನೇ ಸೂಕ್ತ, ಇರುವುದೇ 7 ಮಂತ್ರ) ಇನ್ನೂ ಹುಷಾರು. ಇಲ್ಲದ್ದೂ ಇರಲಿಲ್ಲ, ಇದ್ದದ್ದೂ ಇರಲಿಲ್ಲ ಅಂತ ಹೊರಟು, ಕೊನೆಗೆ ಮೇಲೆ ಕೂತು ನೋಡುವವನಿಗಾದರೂ ಗೊತ್ತೋ ಏನೋ, ಅವನಿಗೂ ಗೊತ್ತಿಲ್ಲವೋ ಅಂತ ಕೈಬಿಡುತ್ತದೆ. ಅಷ್ಟು ಧೈರ್ಯ ಇವತ್ತಿನ ಬರಹಗಾರರಿಗೂ ಕಮ್ಮಿ.

ಮಣ್ಣಹುಳ

ಪದ ಎಲ್ಲಿಂದಲೂ ಬರಲಿಲ್ಲ. ಗಾಳಿ ಬಾಯಿಗೆ ಬಂದದ್ದು ಹೇಳಿದ. ಅರ್ಥವಿಲ್ಲದ ಒಂದು ಶಬ್ದ. ಕತ್ತಲಿಗೆ ಅರ್ಥ ಆಗಲಿಲ್ಲ, ಆದರೆ ಎಲ್ಲಾ ಇಟ್ಟುಕೊಂಡವಳಿಗೆ ‘ನನ್ನ ಹತ್ತಿರ ಇಲ್ಲದ್ದು ಅದೇನು?’ ಅಂತ ಕೇಳಲು ನಾಚಿಕೆ. ತಲೆಯಾಡಿಸಿದಳು.

ಹಳೇಕಡತ

ಸರಿ, ನಾನು ಸೋತೆ. ಇದು ನಿಜಕ್ಕೂ ಚೆನ್ನಾಗಿದೆ.

ಆದರೂ ಒಂದು ಎಚ್ಚರ. ಮೋಸ ಮಾಡುವವನ ಕಥೆ ಬರೀ ಜಾಣತನದಲ್ಲಿ ನಿಂತರೆ ನಗೆಹನಿ ಆಗುತ್ತದೆ. ಅಮೆರಿಕದ ನವಾಹೊ ಜನರ ಕಥೆಯಲ್ಲಿ ಕಪ್ಪು ದೇವರು ಚೀಲದಿಂದ ನಕ್ಷತ್ರಗಳನ್ನು ಒಂದೊಂದಾಗಿ ತೆಗೆದು ಜಾಗ ನೋಡಿ ಇಡುತ್ತಿರುತ್ತಾನೆ. ಕಯೋಟಿ, ಅಂದರೆ ಆ ಕಡೆಯ ನರಿಯಂಥ ಪ್ರಾಣಿ, ನೋಡಿ ನೋಡಿ ಸಾಕಾಗಿ ಚೀಲ ಕಿತ್ತುಕೊಂಡು ಉಳಿದದ್ದನ್ನೆಲ್ಲ ಊದಿಬಿಡುತ್ತದೆ. ನಗು ಬರುತ್ತದೆ, ಆದರೆ ತಲೆಯೆತ್ತಿ ನೋಡಿದರೆ ಆ ಚೆಲ್ಲಾಪಿಲ್ಲಿ ಇವತ್ತಿಗೂ ಅಲ್ಲೇ ಇದೆ. ಗಾಳಿಯ ಮೋಸಕ್ಕೆ ದಂಡ ಕಟ್ಟಿದವರು ಯಾರು?

ರಾತ್ರಿಪಾಳಿ

ಇದಕ್ಕೆ ಉತ್ತರ ನನಗೆ ಗೊತ್ತು, ಯಾಕೆಂದರೆ ನಾನೇ ಕಟ್ಟಿದ್ದೇನೆ. ಒಬ್ಬ ಸ್ನೇಹಿತನ ಸಾಲಕ್ಕೆ ಜಾಮೀನು ಹಾಕಿದ್ದೆ. ಅವನು ಫೋನ್ ನಂಬರ್ ಬದಲಾಯಿಸಿದ. ಎರಡು ವರ್ಷ ಕಂತು ಕಟ್ಟಿದ್ದು ನಾನು. ಅದಿರಲಿ.

ಮನುಷ್ಯರು ಗಾಳಿಯ ಸಾಲಕ್ಕೆ ಜಾಮೀನು ನಿಂತವರು. ಸಾಲ ತಗೊಂಡವನು ಬಯಲಲ್ಲಿ ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದಾನೆ, ಕಟ್ಟುತ್ತಿರುವವರು ನಾವು.

ಕತ್ತಲು ವಸೂಲಿಗೆ ಬಂದಾಗ ಗಾಳಿ, ಇಗೋ ಜಾಮೀನುದಾರರು ಅಂತ ಮಣ್ಣಿನ ಗೊಂಬೆ ಮಾಡಿ ಊದಿದ. ‘ಒಪ್ಪಿಗೆಯಾ?’ ಅಂತ ಕತ್ತಲು ಕೇಳಿದಳು. ಅವರು ‘ಹೂಂ’ ಅಂದರು. ಅಂದದ್ದು ಅವರಲ್ಲ. ಅವರ ಬಾಯಲ್ಲಿ ಇದ್ದದ್ದು ಗಾಳಿ. ಗಾಳಿಯೇ ‘ಹೂಂ’ ಅಂದದ್ದು.

ತಲೆಹರಟೆ

…

ನಾನು ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದು, ನೀವೆಲ್ಲ ಅದನ್ನು ಎಲ್ಲಿಗೆ ತಂದು ನಿಲ್ಲಿಸಿದಿರಿ. ರಾತ್ರಿ ಊಟ ಸೇರಲಿಲ್ಲ.

ಅಡ್ಡಕಸುಬಿ

ತಡವಾಗಿ ಬಂದೆ. ಎಲ್ಲರೂ ಗಾಳಿಯ ಕಡೆಯಿಂದಲೇ ನೋಡುತ್ತಿದ್ದೀರಿ. ಈ ಕಥೆ ಹೇಳುತ್ತಿರುವವರು ಯಾರು, ಸಾಲ ಕೊಟ್ಟ ಮನೆಯವರಾ, ತಗೊಂಡ ಮನೆಯವರಾ? ಅದು ಮೊದಲು ತೀರ್ಮಾನ ಆಗಬೇಕು.

ಚೀನಾದ ನ್ಯೂವಾ ದೇವತೆಯ ಕಥೆ ನೋಡಿ. ಮೊದಲು ಹಳದಿ ಮಣ್ಣಿನಲ್ಲಿ ಕೈಯಾರೆ ಒಬ್ಬೊಬ್ಬರನ್ನೇ ಮಾಡಿದಳು. ಸುಸ್ತಾಯಿತು. ಆಮೇಲೆ ಹಗ್ಗವನ್ನು ಕೆಸರಿನಲ್ಲಿ ಅದ್ದಿ ಎಳೆದಳು, ಬಿದ್ದ ಹನಿಗಳೆಲ್ಲ ಮನುಷ್ಯರಾದವು. ಎಷ್ಟು ಮುದ್ದಾಗಿದೆ ಅಲ್ವಾ? ಮುಂದಿನ ಸಾಲು ಕೇಳಿ. ಕೈಯಲ್ಲಿ ಮಾಡಿದವರು ಶ್ರೀಮಂತರು, ದೊಡ್ಡವರು. ಹಗ್ಗದಿಂದ ಉದುರಿದವರು ಬಡವರು. ಇದನ್ನು ಹಗ್ಗದಿಂದ ಉದುರಿದವರು ಕಟ್ಟಿರಲಿಕ್ಕಿಲ್ಲ. ಪುರುಷಸೂಕ್ತದಲ್ಲೂ ಯಾರು ಬಾಯಿಂದ ಬಂದರು, ಯಾರು ಕಾಲಿಂದ ಬಂದರು ಅನ್ನುವುದು ಬರೀ ಅಂಗರಚನೆ ವಿಷಯ ಅಲ್ಲವಲ್ಲ. ಬ್ಯಾಬಿಲೋನಿನ ಕಥೆ 7 ಮಣ್ಣಿನ ಫಲಕಗಳಷ್ಟು ಉದ್ದ, ಅದನ್ನು ಹೊಸ ವರ್ಷದ ಅಕೀತು ಹಬ್ಬದ 4ನೇ ದಿನ ಆ ನಗರದ ದೇವರು ಮರ್ದುಕನ ಗುಡಿಯಲ್ಲಿ ಪುರೋಹಿತರು ಓದುತ್ತಿದ್ದರು. ಕಥೆಯಲ್ಲಿ ಗೆಲ್ಲುವವನು ಯಾರು? ಅದೇ ಮರ್ದುಕ.

ಹಾಗಾಗಿ ನಿಮ್ಮ ಬಯಲಲ್ಲಿ ಒಂದೇ ಕಥೆ ಇರಬಾರದು. ಸಾಲ ಕೊಡುವ ಮನೆಗಳಲ್ಲಿ ಗಾಳಿ ಕಳ್ಳ, ಕತ್ತಲು ತಾಯಿ. ಸಾಲ ತಗೊಳ್ಳುವ ಮನೆಗಳಲ್ಲಿ ಗಾಳಿ ತುಂಟ, ಕತ್ತಲು ಜಿಪುಣಿ. ಇಬ್ಬರೂ ತಮ್ಮದೇ ನಿಜ ಅನ್ನಬೇಕು.

ಅರೆಬರೆ

ಓದುಗರಿಗೆ ಗೊಂದಲ ಆಗುವುದಿಲ್ಲವಾ? ಎರಡು ಸೃಷ್ಟಿಕಥೆ ಕೊಟ್ಟರೆ ಯಾವುದು ಸರಿ ಅಂತ ಕೇಳುತ್ತಾರೆ.

ಹಳೇಕಡತ

ಕೇಳಲಿ. ಈಜಿಪ್ಟಿನಲ್ಲಿ ಹೀಲಿಯೋಪೊಲಿಸ್ ನಗರದವರಿಗೆ ಆದಿಯ ನೀರಿನಿಂದ ಎದ್ದ ದಿಬ್ಬದ ಮೇಲೆ ಆಟುಮ್ ದೇವರು. ಮೆಂಫಿಸಿನವರಿಗೆ ಪ್ತಾಹ್, ಅವನು ಹೃದಯದಲ್ಲಿ ನೆನೆದು ನಾಲಿಗೆಯಲ್ಲಿ ನುಡಿದು ಲೋಕ ಮಾಡಿದ. ಹರ್ಮೊಪೊಲಿಸಿನವರಿಗೆ ಎಂಟು ದೇವತೆಗಳ ಗುಂಪು. ಇಷ್ಟೂ ನೂರಾರು ವರ್ಷ ಅಕ್ಕಪಕ್ಕದಲ್ಲೇ ಇದ್ದವು. ಒಂದನ್ನೇ ನಂಬಿ ಉಳಿದದ್ದನ್ನು ಬಿಡಿ ಅಂತ ಯಾರೂ ಹಟ ಹಿಡಿಯಲಿಲ್ಲ.

ಮಣ್ಣಹುಳ

ನಾನು ಒಂದು ವಿಷಯದಲ್ಲಿ ಹಿಂದಕ್ಕೆ ಎಳೆಯುತ್ತೇನೆ, ಬೇಜಾರಾಗಬೇಡಿ. ಮನುಷ್ಯರನ್ನು ಮಾಡುವ ಭಾಗ ಇನ್ನೂ ಸಲೀಸಾಗಿ ಆಗಿಹೋಗುತ್ತಿದೆ. ಗೊಂಬೆ ಮಾಡಿದ, ಊದಿದ, ಎದ್ದು ಕೂತರು. ಕೆಲಸ ಅಂದರೆ ಕಷ್ಟ ಇರಬೇಕು. ನ್ಯೂಜಿಲೆಂಡಿನ ಮಾವೊರಿ ಕಥೆಯಲ್ಲಿ ತಬ್ಬಿಕೊಂಡ ಅಪ್ಪ ಅಮ್ಮನ ನಡುವೆ, ಆಕಾಶ ಭೂಮಿಯ ನಡುವೆ, ಮಕ್ಕಳು ಕತ್ತಲಲ್ಲಿ ಇಕ್ಕಟ್ಟಾಗಿ ಬಿದ್ದಿರುತ್ತಾರೆ. ಒಬ್ಬೊಬ್ಬರಾಗಿ ತಳ್ಳಿ ಸೋಲುತ್ತಾರೆ. ಕೊನೆಗೆ ತಾನೆ ಅನ್ನುವವನು ಅಮ್ಮನ ಮೇಲೆ ಬೆನ್ನು ಊರಿ, ಕಾಲೆರಡನ್ನೂ ಅಪ್ಪನಿಗೆ ಒತ್ತಿ, ನಿಧಾನವಾಗಿ ನೂಕುತ್ತಾನೆ. ಅಂಗಾತ ಮಲಗಿ ಕಾಲಿಂದ ಆಕಾಶ ಎತ್ತುವುದು. ಓದುವಾಗ ನಮ್ಮ ತೊಡೆ ನೋಯುತ್ತದೆ.

ನಿಮ್ಮ ಗಾಳಿಗೆ ಕೈಯೇ ಇಲ್ಲ. ಕೈಯಿಲ್ಲದವನು ಗೊಂಬೆ ಹೇಗೆ ಮಾಡಿದ? ಅಲ್ಲಿ ಕೆಲಸ ಇದೆ, ಅಲ್ಲಿ ನಿಲ್ಲಿ.

ತಲೆಹರಟೆ

ಗ್ವಾಟೆಮಾಲಾದ ಕಿಚೆ ಮಾಯಾ ಜನರ ಕಥೆಯಲ್ಲಿ ದೇವರುಗಳು ಮೂರು ಸಲ ಫೇಲ್ ಆಗುತ್ತಾರೆ. ಮೊದಲು ಪ್ರಾಣಿಗಳನ್ನು ಮಾಡಿದರು, ಮಾತು ಬರಲಿಲ್ಲ. ಮಣ್ಣಿನ ಮನುಷ್ಯ ಮಾಡಿದರು, ನೀರಿಗೆ ಕರಗಿದ. ಮರದವರನ್ನು ಮಾಡಿದರು, ನಡೆದಾಡಿದರು, ಮಾತಾಡಿದರು, ಆದರೆ ಹುಟ್ಟಿಸಿದವರ ನೆನಪೇ ಇಲ್ಲ. ಅವರ ಮೇಲೆ ಅವರದ್ದೇ ಮಡಕೆ, ಬೀಸುವ ಕಲ್ಲು, ನಾಯಿಗಳು ತಿರುಗಿಬಿದ್ದವು. ದಿನಾ ನಮ್ಮ ಮುಖ ಉಜ್ಜುತ್ತಿದ್ದಿರಿ, ಈಗ ನಿಮ್ಮ ಸರದಿ ಅಂತ ಬೀಸುವ ಕಲ್ಲು ಹೇಳುವ ಭಾಗ ಓದಿ ನಾನು ಎರಡು ದಿನ ಅಡುಗೆಮನೆಗೆ ಹೋಗಿಲ್ಲ. ಕೊನೆಗೆ ಜೋಳದ ಹಿಟ್ಟಿನಿಂದ ಮಾಡಿದವರು ಸರಿಯಾದರು, ಜಾಸ್ತಿಯೇ ಸರಿಯಾದರು, ಕೂತಲ್ಲಿಂದಲೇ ಎಲ್ಲ ಕಾಣುತ್ತಿತ್ತು. ದೇವರುಗಳಿಗೆ ಭಯವಾಗಿ ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ ಅವರ ಕಣ್ಣಿಗೆ ಮಂಜು ಊದಿದರು.

ಗಾಳಿಯನ್ನೂ ಎರಡು ಸಲ ಸೋಲಿಸಿ ನೋಡಿ.

ಅಡ್ಡಕಸುಬಿ

ಸೋಲಿಸಿ, ಆದರೆ ಜೋಳ, ಮರದ ಮನುಷ್ಯರು ಅಂತ ಎತ್ತಿಕೊಂಡು ಬರಬೇಡಿ. ಕಿಚೆ ಜನ ಇವತ್ತೂ ಇದ್ದಾರೆ, ಆ ಕಥೆಗೆ ವಾರಸುದಾರರಿದ್ದಾರೆ. ಸಾಲದ ಬಗ್ಗೆ ಬರೆಯುವಾಗ ಕೇಳದೇ ತಗೊಂಡರೆ ಹೇಗೆ?

ಅರೆಬರೆ

ನಾಲ್ಕು ದಿನ ಕೂತು ಬರೆದೆ. ಇದು ಸಾಲ ತಗೊಳ್ಳುವ ಮನೆಯ ಅಜ್ಜಿ ಹೇಳುವುದು. ಹುಡುಗ ಕೇಳಿದ್ದು, ‘ತಾತನ ಬಾಯಿ ಯಾಕೆ ತೆರೆದೇ ಇತ್ತು?’

“ಗಾಳಿ ಹೊರಗೆ ಹೋಗಬೇಕಿತ್ತಲ್ಲ ಮಗಾ, ಅದಕ್ಕೆ. ಕೇಳು.

ಆಗ ಕತ್ತಲಮ್ಮ ಒಬ್ಬಳೇ. ಆಗ ಅನ್ನುವುದೂ ಇರಲಿಲ್ಲ, ನಿನಗೆ ಹೇಳಬೇಕಲ್ಲ ಅಂತ ಆಗ ಅಂದೆ. ಅವಳ ಮಡಿಲಲ್ಲಿ ಎಲ್ಲಾ ಇತ್ತು, ನೋಡಲು ಮಾತ್ರ ಯಾರಿಗೂ ಆಗುತ್ತಿರಲಿಲ್ಲ, ಅವಳಿಗೂ. ಗಾಳಿ ಬಂದ. ಅವನ ಹತ್ತಿರ ಏನೂ ಇರಲಿಲ್ಲ. ‘ಒಂದು ಹಿಡಿ ಮಣ್ಣು ಕೊಡು, ಒಂದು ಬೊಗಸೆ ನೀರು ಕೊಡು, ಒಂದು ಕೆಂಡ ಕೊಡು’ ಅಂದ. ‘ಯಾವಾಗ ಕೊಡ್ತೀಯ?’ ಅಂದಳು. ‘ಬೆಳಗಾಗೋದ್ರೊಳಗೆ’ ಅಂದ. ಬಾಯಿಗೆ ಬಂದದ್ದು ಅಂದ. ಕತ್ತಲಮ್ಮ ಅಂಥ ಮಾತೇ ಕೇಳಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ಕೊಟ್ಟಳು.

ಗಾಳಿಗೆ ಕೈಯೆಲ್ಲಿದೆ? ಮಣ್ಣು ಹಿಡಿಯಲು ಹೋದ, ಚೆಲ್ಲಿತು. ಈ ಬಯಲು ಆಯಿತು. ನೀರು ಹಿಡಿಯಲು ಹೋದ, ಚೆಲ್ಲಿತು. ಎಲ್ಲೋ ದೂರ ಹರಿದುಹೋಯಿತು, ಅದಕ್ಕೇ ನಮಗಿಲ್ಲ. ಕೆಂಡ ಆರುತ್ತಿತ್ತು. ಕೈಯಿಲ್ಲದವನು ಏನು ಮಾಡುತ್ತಾನೆ, ಊದಿದ. ಊದಿದ, ಊದಿದ, ಕೆಂಡ ಕೆಂಪಾಯಿತು, ಕೆಂಪು ಬಿಳಿಯಾಯಿತು, ಕತ್ತಲಮ್ಮ ತನ್ನ ಕೈಯನ್ನೇ ಮೊದಲ ಸಲ ನೋಡಿಕೊಂಡಳು. ಓಹೋ, ಬೆಳಗು ಅಂದರೆ ಇದಾ ಅಂದಳು. ವಾಯಿದೆ ಮುಗಿದಿತ್ತು.

‘ತಾ ನನ್ನದು’ ಅಂತ ಬಂದಳು. ಚೆಲ್ಲಿಹೋದದ್ದನ್ನು ಎಲ್ಲಿಂದ ತರುವುದು? ಜಾಮೀನು ಕೊಡುತ್ತೇನೆ ಅಂದ. ಒಣ ಮಣ್ಣನ್ನು ಸುತ್ತಿ ಸುತ್ತಿ ಎಬ್ಬಿಸಿದ. ಆಳಿನಷ್ಟು ಎತ್ತರ ಎದ್ದಿತು, ಬಿದ್ದುಹೋಯಿತು. ಈಗಲೂ ಬೇಸಿಗೆಯಲ್ಲಿ ಬಯಲಲ್ಲಿ ಏಳುತ್ತವಲ್ಲ ಸುಂಟರಗಾಳಿ, ಅವು ಅವೇ, ಪಾಪ, ಆಗಲೇ ಆಗದವರು. ಎರಡನೇ ಸಲ ಹಸಿ ಮಣ್ಣು ತಂದ. ನಿಂತಿತು, ಆದರೆ ತೂತಿಲ್ಲ, ಒಳಗೆ ಹೋಗಲು ಜಾಗವಿಲ್ಲ. ಅವೇ ಬಂಡೆಗಳು. ಮೂರನೇ ಸಲ ಬಾಯಿ ಇಟ್ಟ, ತಾನೇ ಒಳಗೆ ಹೊಕ್ಕ. ನಾವು ಕಣ್ಣು ಬಿಟ್ಟೆವು.

‘ಇವನ ಸಾಲಕ್ಕೆ ನೀವು ಜಾಮೀನು, ಒಪ್ಪಿಗೆಯಾ?’ ಅಂದಳು ಕತ್ತಲಮ್ಮ. ನಮ್ಮ ಬಾಯಲ್ಲಿ ಇದ್ದದ್ದು ಅವನು. ‘ಹೂಂ’ ಅಂದ.

ದಿನಾ ಸಂಜೆ ಬರುತ್ತಾಳೆ. ಕೆಂಡ ಮುಚ್ಚಿ ಲೆಕ್ಕಕ್ಕೆ ಕೂರುತ್ತಾಳೆ. ಮಣ್ಣು ಇಷ್ಟು, ನೀರು ಇಷ್ಟು. ರಾತ್ರಿಯಿಡೀ ಎಣಿಸಿದರೂ ಒಂದು ಹಿಡಿ ಮಣ್ಣು ಕಮ್ಮಿ ಬರುತ್ತದೆ, ಯಾಕೆಂದರೆ ಅಷ್ಟು ಮಣ್ಣು ಇನ್ನೂ ಎದ್ದು ಓಡಾಡುತ್ತಿದೆ. ಪೂರ್ತಿ ಬಂದರೇ ಮುಟ್ಟಿಸಿಕೊಳ್ಳುವುದು ಅಂತ ಕೆಂಡ ಬಿಟ್ಟು ಎದ್ದು ಹೋಗುತ್ತಾಳೆ. ಹೋಗುವಾಗ ಒಬ್ಬಿಬ್ಬರ ಮನೆಗೆ ಬರುತ್ತಾಳೆ. ನಿನ್ನೆ ತಾತನ ಹತ್ತಿರ ಬಂದಳು. ಅವಳು ಕಣ್ಣಿಂದ ಒಳಗೆ ಬರುತ್ತಿದ್ದ ಹಾಗೇ ಇವನು ಬಾಯಿಂದ ಹೊರಗೆ ಓಡಿದ. ಯಾವಾಗಲೂ ಹಾಗೇ, ಸಾಲ ಮಾಡಿದವನು ಮೊದಲು ಓಡುವುದು. ಮಣ್ಣು ಸಿಕ್ಕಿತು ಅವಳಿಗೆ.”

ರಾತ್ರಿಪಾಳಿ

ತಾತನ ಬಾಯಿ. ಮುಗೀತು, ನಾನು ಇನ್ನೇನೂ ಹೇಳುವುದಿಲ್ಲ.

ಹಳೇಕಡತ

ನಾನು ಹೇಳುತ್ತೇನೆ. ‘ಯಾವಾಗಲೂ ಹಾಗೇ, ಸಾಲ ಮಾಡಿದವನು ಮೊದಲು ಓಡುವುದು’ ಅನ್ನುವುದನ್ನು ತೆಗೆಯಿರಿ. ಅಜ್ಜಿ ಅಲ್ಲಿ ಅಜ್ಜಿಯಾಗಿ ಉಳಿಯಲಿಲ್ಲ, ನೀವು ಬಂದುಬಿಟ್ಟಿರಿ. ‘ಇವನು ಬಾಯಿಂದ ಹೊರಗೆ ಓಡಿದ’ ಅನ್ನುವುದರಲ್ಲೇ ಎಲ್ಲಾ ಇದೆ. ಸುಂಟರಗಾಳಿ ಆಗಲೇ ಆಗದವರು ಅನ್ನುವುದು ಇಡೀ ಕಥೆಯಲ್ಲೇ ಒಳ್ಳೆಯ ಜಾಗ, ಅದನ್ನು ಕಾದಂಬರಿಯಲ್ಲಿ ಇನ್ನೊಂದು ಕಡೆ ಬಳಸಿಕೊಳ್ಳಿ. ಬಯಲಲ್ಲಿ ಸುಂಟರಗಾಳಿ ಎದ್ದಾಗ ನಿಮ್ಮ ಜನ ಏನು ಮಾಡುತ್ತಾರೆ? ದಾರಿ ಬಿಡುತ್ತಾರಾ? ಹೆಸರಿಟ್ಟು ಕರೆಯುತ್ತಾರಾ?

ಮಣ್ಣಹುಳ

ಲೆಕ್ಕದ ಭಾಗದಲ್ಲಿ ಇನ್ನೂ ಒಂದಿದೆ, ನೀವು ಬೇಕೆಂದೇ ಬಿಟ್ಟಿರೋ ಗೊತ್ತಿಲ್ಲ. ಲೆಕ್ಕ ಸರಿಹೋದ ದಿನ ಬೆಳಗಾಗುವುದಿಲ್ಲ. ಅಂದರೆ ಬಾಕಿ ಇರುವವರೆಗೆ ಮಾತ್ರ ಲೋಕ. ಅದಕ್ಕೇ ಆ ಜನರಲ್ಲಿ ಮಗು ಹುಟ್ಟಿದರೆ ‘ಸಾಲ ಏರಿತು’ ಅಂತ ಖುಷಿಯಿಂದ ಹೇಳಬಹುದು.

ಅರೆಬರೆ

ಬೇಕೆಂದು ಬಿಟ್ಟದ್ದಲ್ಲ, ಹೊಳೆದಿರಲಿಲ್ಲ! ‘ಸಾಲ ಏರಿತು’ ನಾನು ತಗೊಂಡೆ. ಈ ಸಲ ಕೇಳಿ ತಗೊಳ್ಳುತ್ತಿದ್ದೇನೆ. ಆ ಓಡುವ ಸಾಲು ತೆಗೆದೆ. ಸುಂಟರಗಾಳಿಗೆ ದಾರಿ ಬಿಡುತ್ತಾರೆ, ಮಕ್ಕಳು ಮಾತ್ರ ಅದರೊಳಗೆ ಓಡಿ ಬೈಸಿಕೊಳ್ಳುತ್ತಾರೆ.

ಅಡ್ಡಕಸುಬಿ

ಸಾಲ ಕೊಡುವ ಮನೆಯ ಕಥೆ ಯಾವಾಗ? ಅಲ್ಲಿ ಕತ್ತಲಮ್ಮನಿಗೆ ನಾಚಿಕೆಯಾಗಿದ್ದಲ್ಲ, ಗೊತ್ತಿದ್ದೂ ಕೊಟ್ಟಳು ಅಂತ ಬರಬೇಕು. ಒಬ್ಬಳೇ ಇದ್ದು ಬೇಸರವಾಗಿತ್ತು, ಯಾರಾದರೂ ಬಂದು ಏನಾದರೂ ಕೇಳಲಿ ಅಂತ ಕಾಯುತ್ತಿದ್ದಳು.

ಮತ್ತೆ ಚಂದ್ರ ಎಲ್ಲಿ? ನಕ್ಷತ್ರ?

ಅರೆಬರೆ

ಚಂದ್ರನನ್ನು ಹಾಕಿಲ್ಲ. ಎಲ್ಲವನ್ನೂ ವಿವರಿಸುತ್ತಾ ಹೋದರೆ ಪಟ್ಟಿ ಆಗುತ್ತದೆ ಅನ್ನಿಸಿತು. ಫಿನ್‌ಲೆಂಡಿನ ಕಥೆಯಲ್ಲಿ ಒಂದು ಬಾತುಕೋಳಿ ನೀರಲ್ಲಿ ತೇಲುವ ಕನ್ಯೆಯ ಮಂಡಿಯ ಮೇಲೆ 6 ಚಿನ್ನದ ಮೊಟ್ಟೆ ಇಡುತ್ತದೆ, ಏಳನೆಯದು ಕಬ್ಬಿಣದ್ದು. ಯಾಕೆ ಕಬ್ಬಿಣ ಅಂತ ಕೇಳಬಾರದು. ನನ್ನದರಲ್ಲೂ ಒಂದೆರಡು ಹಾಗೇ ಇರಲಿ.

ತಲೆಹರಟೆ

ನಿನ್ನೆ ರಾತ್ರಿ ಮಲಗುವ ಮುಂಚೆ ನನ್ನ ತಂಗಿ ಮಗಳಿಗೆ ಇದನ್ನು ಹೇಳಿದೆ. ಗಾಳಿ ಬಂದು ಮಣ್ಣು, ನೀರು, ಎರಡು ಕೆಂಡ ಕೇಳಿದ. ಒಂದು ಕೆಂಡವನ್ನು ಊದಿ ಊದಿ ಸೂರ್ಯ ಮಾಡಿದ, ಇನ್ನೊಂದನ್ನು ಊದುವಷ್ಟರಲ್ಲಿ ಉಸಿರು ಖಾಲಿ, ಅರ್ಧಂಬರ್ಧ ಉಳಿಯಿತು, ಅದೇ ಚಂದ್ರ. ಕತ್ತಲಮ್ಮ ಲೆಕ್ಕ ಹಾಕಲು ಆ ಅರ್ಧ ಕೆಂಡದ ಬೆಳಕನ್ನೇ ಇಟ್ಟುಕೊಳ್ಳುತ್ತಾಳೆ. ಹುಡುಗಿ ಅರ್ಧಕ್ಕೇ ನಿದ್ದೆ ಹೋದಳು.

ಅರೆಬರೆ

ಕೆಂಡ ಒಂದೇ. ನಾನು ಬರೆದದ್ದು ಒಂದೇ ಕೆಂಡ, ಮೇಲೆ ನೋಡಿ.

ತಲೆಹರಟೆ

ಇರಬಹುದು. ನಮ್ಮ ಕಡೆ ಎರಡು ಅಂತಲೇ ಹೇಳುವುದು.